ಮಾರಿದ ಮೇಲೆ ಹೇಳಿ

ನಮ್ಮ ಮನೆಯ ಮಹಡಿ ಕಿಟಕಿಯ ತುಂಡೊಂದು ಬೀರಕ್ಕನ ಹೂವಿನ ಬುಟ್ಟಿಗೆ ಬಿದ್ದಾಗ ನಾನು ನನ್ನ ಮೋಟಾರ್ ರಿಪೇರಿ ಅಂಗಡಿಯಲ್ಲಿದ್ದೆ. ಮೊಳ ಉದ್ದದ ಮರದ ಪಟ್ಟಿ. ಒಳಗೆಲ್ಲ ಗೆದ್ದಲು ತಿಂದು ಬರೀ ಬಣ್ಣದ ಬಲದ ಮೇಲೆ ನಿಂತಿತ್ತು. ಅವಳು ಅದನ್ನು ಅಂಗಡಿಗೇ ಹೊತ್ತು ತಂದು, ನಾನು ಬಿಚ್ಚಿ ಹರವಿಕೊಂಡಿದ್ದ ಬೋರ್‌ವೆಲ್ ಮೋಟಾರಿನ ಪಕ್ಕದಲ್ಲಿ ಇಟ್ಟಳು.

"ಬುಟ್ಟಿಗೆ ಬಿತ್ತು, ಸರಿಹೋಯ್ತು. ತಲೆ ಮೇಲೆ ಬಿದ್ದಿದ್ರೆ ನಿನ್ನ ಮಾತಾಡ್ಸೋರು ಯಾರಪ್ಪ ಜಯರಾಮಪ್ಪ? ಈ ಬೀದೀಲಿ ಇರೋಳು ನಾನೊಬ್ಳು."

ಬೇರೆ ಕಡೆ ಕೂತು ಮಾರಿಕೋ ಎಂದು ಗದರಿದೆ. ಇಪ್ಪತ್ತು ವರ್ಷದಿಂದ ನಮ್ಮ ಮನೆಯ ಕಿಟಕಿಯ ನೆರಳಲ್ಲೇ ಹೂವು ಕಟ್ಟುವವಳು ಅವಳು. ಬೈದರೆ ಏಳುವ ಜಾತಿಯಲ್ಲ. ಎರಡು ಮೊಳ ಕನಕಾಂಬರ ಹಾಳಾಯಿತು, ದುಡ್ಡು ಕೊಡು ಎಂದು ನಿಂತಳು. ಕೊಟ್ಟು ಕಳಿಸಿದೆ. ಅವಳು ಹೋದ ಮೇಲೆ ಆ ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿದೆ. ಬಿಸ್ಕತ್ತಿನ ಹಾಗೆ ಪುಡಿಯಾಯಿತು.

ಹಿಂದೂಪುರದ ಹಳೇ ಹುಣಸೆಹಣ್ಣಿನ ಮಂಡಿಯ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಒಬ್ಬ ವ್ಯಾಪಾರಿ ಕಟ್ಟಿಸಿದ್ದು. ನಮ್ಮಪ್ಪ ಕೊಂಡಾಗಲೇ ಅದಕ್ಕೆ ನಲವತ್ತು ವರ್ಷವಾಗಿತ್ತು. ಮಹಡಿಯಲ್ಲಿ ಬೀದಿ ಕಡೆಗೆ ಎರಡು ಕಿಟಕಿಗಳಿವೆ. ಗೋಡೆಯಿಂದ ಎರಡಡಿ ಹೊರಕ್ಕೆ ಚಾಚಿಕೊಂಡು, ಎದುರಿಗೊಂದು, ಎಡಕ್ಕೊಂದು, ಬಲಕ್ಕೊಂದು ಗಾಜಿನ ಮುಖ. ಒಳಗಡೆ ಕೂರುವುದಕ್ಕೆ ಹಲಗೆ. ಈಗಿನವರು ಬೇ ವಿಂಡೋ ಅನ್ನುತ್ತಾರಂತೆ. ನಾವು ಮೂರು ಮುಖದ ಕಿಟಕಿ ಅನ್ನುತ್ತಿದ್ದೆವು. ವ್ಯಾಪಾರಿ ಅಲ್ಲಿ ಕೂತು ಬೀದಿಯ ಎರಡು ತುದಿಯಿಂದಲೂ ಬರುವ ಹುಣಸೆಹಣ್ಣಿನ ಗಾಡಿಗಳನ್ನು ನೋಡುತ್ತಿದ್ದನಂತೆ.

ನನ್ನ ಕಾಲಕ್ಕೆ ಅಲ್ಲಿ ಕೂತವಳು ಭ್ರಮರಾಂಬ, ನನ್ನ ಹೆಂಡತಿ. ಎಡಗಡೆಯ ಕಿಟಕಿ ಅವಳದು. ರೇಷ್ಮೆ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಮೂರು ಕಡೆಯಿಂದಲೂ ಬೆಳಕು ಬೀಳುತ್ತದೆ, ಕಣ್ಣಿಗೆ ಸುಲಭ ಅನ್ನುತ್ತಿದ್ದಳು. ಇಪ್ಪತ್ತೆರಡು ವರ್ಷ ಕೂತಳು. ಆಮೇಲೆ ಎದ್ದು ಕಲ್ಯಾಣದುರ್ಗಕ್ಕೆ, ತನ್ನ ತವರಿಗೆ ಹೋದಳು. ಹೋಗಿ ಎರಡು ವರ್ಷವಾಯಿತು.

ಯಾಕೆ ಹೋದಳು ಎಂಬುದನ್ನು ಮುಚ್ಚಿಡುವುದಿಲ್ಲ. ಅವಳ ತಮ್ಮ ನರೇಂದ್ರ ಫೋನಿನಲ್ಲಿ, ಆ ಹಳೇ ಮನೆ ಮಾರಿಬಿಡಿ, ಕಲ್ಯಾಣದುರ್ಗಕ್ಕೆ ಬಂದು ಅಂಗಡಿ ಇಡಿ, ಇಲ್ಲಿ ಬೋರ್‌ವೆಲ್ ಜಾಸ್ತಿ ಅಂದಿದ್ದ. ಅವಳು ಅದನ್ನು ನನಗೆ ಹೇಳಿದಳು. ಹೇಳಿದಳು ಅಷ್ಟೇ, ಮಾಡು ಅನ್ನಲಿಲ್ಲ. ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು. ಎಸೆದೆ. ಅವಳ ಕಡೆಗಲ್ಲ, ಗೋಡೆ ಕಡೆಗೆ ಎಂದು ಈಗಲೂ ಆಣೆ ಮಾಡಿ ಹೇಳಬಲ್ಲೆ. ಆದರೆ ಅದು ಕಿಟಕಿಗೆ ಹೋಯಿತು, ಗಾಜು ಒಡೆಯಿತು, ಒಂದು ಚೂರು ಅವಳ ಬಲಗೈ ಹೆಬ್ಬೆರಳಿನ ಬುಡಕ್ಕೆ ಇಳಿಯಿತು. ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ ಹಾಕಿದರು. ನರ್ಸು ಹೇಗಾಯಿತಮ್ಮ ಎಂದು ಕೇಳಿದಾಗ, ಗಾಳಿಗೆ ಕಿಟಕಿ ಬಡಿಯಿತು ಅಂದಳು. ಮಾರನೆಯ ಬೆಳಿಗ್ಗೆ ನಾನು ಎದ್ದಾಗ ಅವಳಿರಲಿಲ್ಲ. ಅನ್ನದ ಪಾತ್ರೆಯ ಮೇಲಿನ ತಟ್ಟೆಯಡಿ ಒಂದು ಚೀಟಿ ಇತ್ತು.

"ಅನ್ನ ಮಾಡಿಟ್ಟಿದ್ದೀನಿ. ಸಾರು ಬಿಸಿ ಮಾಡಿಕೊಳ್ಳಿ. ನಾನು ಊರಿಗೆ ಹೋಗ್ತೀನಿ. ಮಾರಿದ ಮೇಲೆ ಹೇಳಿ, ಬತ್ತೀನಿ."

ನಾನು ಲೇಪಾಕ್ಷಿ ಕಡೆಯ ಹಳ್ಳಿಯ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವನು. ಅವಳ ಮನೆ ಮಾತು ತೆಲುಗು. ನನಗೆ ಸಲೀಸಾಗಿ ಓದಲು ಬರಲಿ ಎಂದು ಮದುವೆಯಾದ ಮೇಲೆ ಕನ್ನಡ ಬರೆಯುವುದನ್ನು ಕಲಿತಿದ್ದಳು. ಚೀಟಿ ಓದಿದೆ. ಮನೆ ಮಾರಿದ ಮೇಲೆ ಬರುತ್ತಾಳಂತೆ ಎಂದು ಮೈಯೆಲ್ಲ ಉರಿಯಿತು. ನಮ್ಮಪ್ಪನ ಮನೆ. ತಮ್ಮನೂ ಅಕ್ಕನೂ ಸೇರಿ ಮೊದಲೇ ಮಾತಾಡಿಕೊಂಡಿದ್ದಾರೆ ಅಂದುಕೊಂಡೆ. ಮಾರುವುದೂ ಇಲ್ಲ, ಹೇಳುವುದೂ ಇಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆ. ಅವಳು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಒಡೆದ ಗಾಜಿನ ಜಾಗಕ್ಕೆ ಮೋಟಾರಿನ ರಟ್ಟಿನ ಡಬ್ಬ ಕತ್ತರಿಸಿ ಅಂಟಿಸಿದೆ. ಎರಡು ಮಳೆಗಾಲಕ್ಕೆ ಮೂರು ಸಲ ರಟ್ಟು ಹಾಕಿದೆ. ಒಬ್ಬನಿಗೇ ಎಷ್ಟು ಅಕ್ಕಿ ಹಾಕಬೇಕೆಂಬ ಅಂದಾಜು ಮಾತ್ರ ಇವತ್ತಿಗೂ ಸರಿಯಾಗಿ ಸಿಕ್ಕಿಲ್ಲ. ಮಿಕ್ಕದ್ದನ್ನು ಬೀರಕ್ಕನ ಮೇಕೆ ತಿನ್ನುತ್ತದೆ.

ಮರದ ಪಟ್ಟಿ ಬಿದ್ದ ಮೇಲೆ ಸುಮ್ಮನಿರುವ ಹಾಗಿರಲಿಲ್ಲ. ಎರಡೂ ಕಿಟಕಿ ಕಿತ್ತು ಹೊಸದು ಹಾಕಿಸಲೇಬೇಕು. ಮೂವರನ್ನು ಕರೆಸಿದೆ.

ಮೊದಲು ಬಂದವನು ಮೇನ್ ರೋಡಿನ ದೊಡ್ಡ ಷೋರೂಮಿನವನು. ಇಸ್ತ್ರಿ ಅಂಗಿ, ಕೈಯಲ್ಲಿ ಕೆಂಪು ಬೆಳಕು ಬಿಟ್ಟು ಅಳೆಯುವ ಯಂತ್ರ. ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿ, ಚದರಡಿಗೆ ಇಷ್ಟು ಎಂದು ಲೆಕ್ಕದ ಹಾಳೆ ಕಳಿಸಿದ. ನಾನು ಕೂತು ಟೇಪು ಹಿಡಿದೆ. ನನ್ನ ಲೆಕ್ಕಕ್ಕೆ ಎಂಬತ್ತು ಚದರಡಿ, ಅವನದು ನೂರಾ ನಾಲ್ಕು. ಎದುರು ಮುಖ ಅಳೆಯುವಾಗ ಮೂಲೆಯ ಕಂಬಗಳನ್ನು ಸೇರಿಸಿದ್ದ, ಪಕ್ಕದ ಮುಖ ಅಳೆಯುವಾಗ ಅವೇ ಕಂಬಗಳನ್ನು ಮತ್ತೆ ಸೇರಿಸಿದ್ದ. ಮೂರು ಮುಖದ ಕಿಟಕಿಯಲ್ಲಿ ಕಳ್ಳತನ ನಡೆಯುವುದೇ ಮೂಲೆಯಲ್ಲಿ. ಸುಟ್ಟ ಮೋಟಾರಿನ ತಾಮ್ರವನ್ನು ವಾರ್ನಿಷ್ ಸಮೇತ ತೂಗಿ ತೂಕ ಹೆಚ್ಚಿಸುವವರನ್ನು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ, ನನಗೆ ಇದು ಗೊತ್ತಾಗುವುದಿಲ್ಲವೇ. ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಕೂರಿಸುವ ಕೂಲಿ, ಸಾಗಣೆ, ಸಂದಿಗೆ ಹಾಕುವ ಗೋಂದು ಎಲ್ಲ ಬೇರೆ ಎಂದು ಹಾಳೆಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇದ್ದದ್ದನ್ನು ಆಮೇಲೆ ಓದಿದೆ. ಅದಕ್ಕೆ ಇನ್ನೊಂದು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಎರಡನೆಯವರು ಗೋರಂಟ್ಲದ ಮಲ್ಲಿಕಾರ್ಜುನಪ್ಪ, ವಯಸ್ಸಾದ ಬಡಗಿ. ಕಿಟಕಿಗಳನ್ನು ಸವರಿ ನೋಡಿ, ಇಂಥ ತೇಗ ಈಗ ಸಿಗಲ್ಲ, ಬೇವಿನಲ್ಲಿ ಮಾಡಿಕೊಡುತ್ತೇನೆ ಅಂದರು. ಎಷ್ಟಾಗುತ್ತದೆ ಎಂದರೆ ಹೇಳುವುದಿಲ್ಲ. ದಿನಗೂಲಿ, ಮಾಡುತ್ತಾ ನೋಡೋಣ ಎಂಬ ಉತ್ತರ. ದಿನಗೂಲಿಯೆಂದರೆ ಉಳಿ ಮಸೆಯುವುದರಲ್ಲೇ ಬೆಳಿಗ್ಗೆ ಕಳೆಯುತ್ತದೆ ಎಂದು ಮುಖದ ಮೇಲೇ ಹೇಳಿದೆ. ಅವರು ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದರು. ಒಂದು ಲೋಟ ನೀರನ್ನೂ ಕೊಟ್ಟಿರಲಿಲ್ಲ ಎಂದು ಅವರು ತಿರುವು ದಾಟಿದ ಮೇಲೆ ನೆನಪಾಯಿತು.

ಮೂರನೆಯವನು ಸೋಮಂದೇಪಲ್ಲಿಯ ಓಬುಳೇಶ್. ಮೂವತ್ತೈದರ ಆಳು, ಅಲ್ಯೂಮಿನಿಯಂ ಕಿಟಕಿ ಹಾಕುವವನು. ಅವನು ಮೊದಲು ಅಳೆಯಲಿಲ್ಲ. ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟಿ, ಕಿವಿಗೊಟ್ಟು ಕೇಳಿದ. ಆಮೇಲೆ ಎಂಬತ್ತೊಂದು ಚದರಡಿ ಅಂದ. ಸರಿಯಾಗಿತ್ತು. ಚದರಡಿಯ ರೇಟೂ ಸರಿಯಾಗಿತ್ತು. ಕೂರಿಸುವುದಕ್ಕೆ ಆರು ಸಾವಿರ, ಹಳೆಯದನ್ನು ಕೀಳುವುದಕ್ಕೆ ಒಂಬತ್ತು ಸಾವಿರ ಅಂದಾಗ ನನ್ನ ದನಿ ಏರಿತು. ಗೆದ್ದಲು ತಿಂದಿರುವ ಮರ, ಒದ್ದರೆ ಬೀಳುತ್ತದೆ, ಅದಕ್ಕೆ ಒಂಬತ್ತು ಸಾವಿರವೇ ಎಂದೆ.

"ಒದ್ರೆ ಬೀಳುತ್ತೆ ಕಣಣ್ಣ. ಗೋಡೇನೂ ಜತೆಗೆ ಬೀಳುತ್ತೆ. ಕೂರ್ಸೋದು ಅರ್ಧ ದಿನ, ಕೀಳೋದೇ ಕೆಲಸ."

ನನ್ನನ್ನು ಬಗ್ಗಿಸಿ ತೋರಿಸಿದ. ಗೋಡೆ ಕಲ್ಲು ಮಣ್ಣಿನದು. ಕಿಟಕಿಯ ಕಬ್ಬಿಣದ ಕೊಕ್ಕೆಗಳು ಅದರೊಳಕ್ಕೆ ಒಂದಡಿ ಹೋಗಿವೆ. ಮೇಲಿನ ಪುಟ್ಟ ಮಾಡಿನ ಭಾರವೆಲ್ಲ ಆ ಟೊಳ್ಳು ಮರದ ಮೇಲೆಯೇ ನಿಂತಿದೆ. ಕೆಳಗಿನಿಂದ ಜಾಕಿ ಕೊಟ್ಟು, ಒಂದೊಂದೇ ಕೊಕ್ಕೆ ಬಿಡಿಸಬೇಕು. ನನಗೆ ಒಪ್ಪಬೇಕು ಅನ್ನಿಸಿತು, ಆದರೆ ಒಪ್ಪಿದೆ ಅನ್ನಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಅವನು ಎಡಗಡೆಯ ಕಿಟಕಿಯ ರಟ್ಟನ್ನು ನೋಡುತ್ತಾ ಕೇಳಿದ:

"ಅಣ್ಣ, ಎರಡೂ ಮಾರ್ಸೋದಾ, ಇದೊಂದೇನಾ?"

"ಯಾವನ್ಲಾ ನಿನಗೆ ಮಾರ್ತೀನಿ ಅಂದೋನು?" ಅಂದೆ. ಬೀದಿಯಲ್ಲಿ ಹೂವು ಕಟ್ಟುತ್ತಿದ್ದ ಬೀರಕ್ಕ ತಲೆಯೆತ್ತಿ ನೋಡುವಷ್ಟು ಜೋರಾಗಿ. ನರೇಂದ್ರನೇ ಇವನನ್ನು ಕಳಿಸಿದ್ದಾನೆ ಎಂಬುದು ಆ ಗಳಿಗೆಯಲ್ಲಿ ನನಗೆ ಖಾತ್ರಿಯಾಗಿತ್ತು.

ಓಬುಳೇಶ್ ಹೆದರಲಿಲ್ಲ, ನಕ್ಕ. "ದುಡ್ಡಿಗೆ ಮಾರೋದಲ್ಲ ಕಣಣ್ಣ. ಮಾರ್ಸೋದು. ಹಳೇದು ತೆಗ್ದು ಹೊಸದು. ನಮ್ಮ ಮನೇಲಿ ತೆಲುಗು ಕನ್ನಡ ಎರಡೂ ಒಂದೇ ಪಾತ್ರೇಲಿ ಬೇಯ್ತವೆ. ನಮ್ಮವ್ವ ಮೂವತ್ತು ವರ್ಷದಿಂದ ನಮ್ಮಪ್ಪನ್ನ ಕೇಳ್ತಾವ್ಳೆ, ನೀನು ಯಾವಾಗ ಮಾರ್ತೀಯ, ಯಾವಾಗ ಮಾರ್ತೀಯ ಅಂತ. ಕೊಳ್ಳೋಕೆ ಇನ್ನೂ ಒಬ್ರೂ ಬಂದಿಲ್ಲ."

ನಾನು ನಗಲಿಲ್ಲ. ಭ್ರಮರಾಂಬ ಕೂರುತ್ತಿದ್ದ ಹಲಗೆಯ ಮೇಲೆ ಕೂತುಬಿಟ್ಟೆ. ಅಣ್ಣ, ಏನಾಯ್ತು, ನೀರು ಬೇಕಾ ಅಂದ. ಆಮೇಲೆ ಹೇಳಿ ಕಳಿಸ್ತೀನಿ ಹೋಗು ಅಂದೆ.

ತೆಲುಗಿನಲ್ಲಿ ಮಾರು ಅಂದರೆ ಬದಲಾಗು. ಅದು ನನಗೆ ಗೊತ್ತಿಲ್ಲದ ಮಾತಲ್ಲ. ಹಿಂದೂಪುರದಲ್ಲಿ ಹುಟ್ಟಿದ ನಾಯಿಗೂ ಎರಡು ಭಾಷೆ ಬರುತ್ತದೆ. ಅಂಗಡಿಗೆ ಓಡಿಹೋಗಿ, ಮೋಟಾರುಗಳ ತಗಡಿನ ಪಟ್ಟಿ ಇಡುವ ಡ್ರಾಯರಿನಿಂದ ಚೀಟಿ ತೆಗೆದೆ. ಮಾರಿದ ಮೇಲೆ ಹೇಳಿ. ಮನೆ ಎಂಬ ಮಾತು ಚೀಟಿಯಲ್ಲಿ ಎಲ್ಲೂ ಇರಲಿಲ್ಲ. ಎರಡು ವರ್ಷ ಅದನ್ನು ನಾನೇ ಸೇರಿಸಿಕೊಂಡು ಓದಿದ್ದೆ. ಅವಳ ಕನ್ನಡ ಯಾವಾಗಲೂ ಹಾಗೆಯೇ ಇತ್ತು. ತೆಲುಗಿನಲ್ಲಿ ಯೋಚನೆ ಮಾಡಿ ಕನ್ನಡದ ಅಕ್ಷರ ಜೋಡಿಸುತ್ತಿದ್ದಳು. ಅದನ್ನು ಹೇಳಿಕೊಂಡು ನಾನು ಎಷ್ಟೋ ಸಲ ನಕ್ಕಿದ್ದೆ. ಅವತ್ತು ಮಾತ್ರ ಅವಳು ಅಚ್ಚ ಕನ್ನಡ ಬರೆದಿದ್ದಾಳೆ ಎಂದು ನಂಬಿದ್ದೆ.

ಮರುದಿನವೇ ಕಲ್ಯಾಣದುರ್ಗಕ್ಕೆ ಹೊರಟೆ. ಟಿಕೆಟು ಕೊಡುತ್ತಾ ಕಂಡಕ್ಟರು, ಪಾವಗಡದಲ್ಲಿ ಬಸ್ಸು ಮಾರಬೇಕು ಅಂದ. ಈ ಮಾತನ್ನು ಜನ್ಮದಲ್ಲಿ ಸಾವಿರ ಸಲ ಕೇಳಿದ್ದೇನೆ. ಒಂದು ಸಲವೂ ಬಸ್ಸನ್ನು ಯಾರಿಗೋ ಮಾರಬೇಕೇನೋ ಅಂದುಕೊಂಡಿರಲಿಲ್ಲ. ಪಾವಗಡದಲ್ಲಿ ಮುಂದಿನ ಬಸ್ಸು ಒಂದೂವರೆ ಗಂಟೆ ತಡವಾಯಿತು. ಅಲ್ಲಿ ವಿಚಾರಣೆಯ ಕಿಟಕಿಯಲ್ಲಿ ಕೂತವನ ಜೊತೆ ಜಗಳವಾಡಿದೆ. ಅವನು ಕಿಟಕಿ ಮುಚ್ಚಿಕೊಂಡ.

ಅವಳು ತಮ್ಮನ ಮನೆಯಲ್ಲಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದು, ಸೀರೆ ಅಂಗಡಿಗಳಿಗೆ ಕುಚ್ಚು ಕಟ್ಟಿಕೊಡುತ್ತಿದ್ದಳು. ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಹಗಲಿನಲ್ಲೇ ಲೈಟು ಹಾಕಿಕೊಂಡು, ಸೆರಗನ್ನು ಮಣೆಗೆ ಬಿಗಿದು, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ಕನ್ನಡಕ ಬಂದಿತ್ತು. ನನ್ನನ್ನು ನೋಡಿ ಕೂತುಕೊಳ್ಳಿ ಅಂದಳು. ನೀರು ಕೊಟ್ಟಳು. ಚೀಟಿಯನ್ನು ಸೀರೆಯ ಮೇಲೆ ಇಟ್ಟು, ಏನು ಮಾರಿದ ಮೇಲೆ ಎಂದು ಬರೆದೆ ಎಂದು ಕೇಳಿದೆ.

ಚೀಟಿಯನ್ನು ಓದಿದಳು. ಅದು ಇನ್ನೂ ನನ್ನ ಹತ್ತಿರ ಇದ್ದದ್ದೇ ಅವಳಿಗೆ ಆಶ್ಚರ್ಯವಾದಂತಿತ್ತು.

"ಏನು ಅಂದ್ರೆ? ನೀವು."

"ನಾನು ಮನೆ ಅಂದ್ಕಂಡೆ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಗು ಬಂತು. ಅರ್ಧಕ್ಕೇ ನಿಂತಿತು. ಬಲಗೈಯಿಂದ ಬಾಯಿ ಮುಚ್ಚಿಕೊಂಡಳು. ಹೆಬ್ಬೆರಳ ಬುಡದಲ್ಲಿ ಹೊಲಿಗೆಯ ಗುರುತು ಬೆಳ್ಳಗೆ ಕಾಣುತ್ತಿತ್ತು.

"ಎರಡು ವರ್ಷ ನೀವು ಸುಮ್ಕಿದ್ರಲ್ಲ, ಇವರಿಗೆ ಮಾರಾಕೆ ಆಗಲ್ಲ, ಅದಕ್ಕೇ ಹೇಳ್ತಿಲ್ಲ ಅಂದ್ಕಂಡಿದ್ದೆ. ಸುಳ್ಳು ಹೇಳಿ ಕರ್ಕೊಂಡು ಹೋಗ್ಲಿಲ್ವಲ್ಲ ಅಂತ ಅಷ್ಟಾದ್ರೂ ಸಮಾಧಾನ ಇತ್ತು." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಈಗ ಹೇಳಿ. ಮಾರಿದ್ದೀರಾ?"

ಹೂಂ ಅನ್ನಬಹುದಿತ್ತು. ಅದನ್ನೇ ಹೇಳಲು ನೂರು ಕಿಲೋಮೀಟರು ಬಂದಿದ್ದೆ. ಆದರೆ ಪಾವಗಡದ ಆ ಮುಚ್ಚಿದ ಕಿಟಕಿ ಕಣ್ಣೆದುರಿಗೆ ಬಂತು. ಮೆಟ್ಟಿಲಿಳಿದು ಹೋದ ಮಲ್ಲಿಕಾರ್ಜುನಪ್ಪನವರ ಬೆನ್ನೂ ಬಂತು.

"ಕಿಟಕಿ ಮಾರಿಸ್ತಾ ಇದ್ದೀನಿ," ಅಂದೆ. "ನನ್ನ ವಿಚಾರ ಗೊತ್ತಿಲ್ಲ."

ಕಿಟಕಿ ಹಾಕುವವನು ಎಷ್ಟು ಕೇಳಿದ ಎಂದು ಅವಳು ವಿಚಾರಿಸಿದಳು. ಮೂವರ ಲೆಕ್ಕವನ್ನೂ ಹೇಳಿದೆ. ಕಿಟಕಿಯ ಮಾತಿನಲ್ಲಿ ಇಬ್ಬರಿಗೂ ಉಸಿರಾಡುವುದಕ್ಕೆ ಜಾಗ ಸಿಕ್ಕಿತು. ಓಬುಳೇಶ್ ಕೂರಿಸುವುದಕ್ಕಿಂತ ಕೀಳುವುದಕ್ಕೆ ಜಾಸ್ತಿ ಕೇಳುತ್ತಾನೆ, ಮೋಸವಿರಬಹುದಾ ಅಂದೆ.

"ಅವನಿಗೇ ಕೊಡಿ. ಹಳೇ ಕುಚ್ಚು ಬಿಚ್ಚಿ ಹೊಸದು ಕಟ್ಟೋಕೆ ನಾನೂ ಜಾಸ್ತಿ ತಗಂತೀನಿ. ಬಿಚ್ಚೋವಾಗ ಸೀರೆ ಹರೀಬಾರ್ದಲ್ಲ."

ಕೂರುವ ಹಲಗೆಯನ್ನು ಹೊಸದಾಗಿ ಹಾಕಿಸುತ್ತೇನೆ, ಮೊದಲಿನ ಹಾಗೇ ಅಂದೆ. ಮೊದಲಿನ ಹಾಗೆ ಬೇಡ ಅಂದಳು. ಆ ಹಲಗೆ ಎತ್ತರ, ಇಪ್ಪತ್ತೆರಡು ವರ್ಷ ತನ್ನ ಕಾಲು ನೆಲಕ್ಕೆ ಮುಟ್ಟಲೇ ಇಲ್ಲ, ಸಂಜೆ ಹೊತ್ತಿಗೆ ಪಾದ ಜೋಮು ಹಿಡಿಯುತ್ತಿತ್ತು ಅಂದಳು. ನನಗೆ ಗೊತ್ತೇ ಇರಲಿಲ್ಲ. ದಿನಾ ನೋಡುತ್ತಿದ್ದವನು ನಾನು. ಅವಳು ಕೆಂಪು ರೇಷ್ಮೆ ದಾರದ ಉಂಡೆ ತೆಗೆದು, ಕೂತಲ್ಲೇ ಹಿಮ್ಮಡಿಯಿಂದ ಮಂಡಿಯ ಹಿಂಬದಿಯವರೆಗೆ ಹಿಡಿದು, ಅಷ್ಟನ್ನು ಕತ್ತರಿಸಿ ನನ್ನ ಕೈಗೆ ಕೊಟ್ಟಳು.

"ಹಾಕ್ಸೋದಾದ್ರೆ ಇಷ್ಟಕ್ಕೆ ಹಾಕ್ಸಿ."

"ಬತ್ತೀಯಾ?"

ಅವಳು ಮತ್ತೆ ಕನ್ನಡಕ ಹಾಕಿಕೊಂಡು ಸೆರಗಿನ ಕಡೆ ತಿರುಗಿದಳು. "ಮಾರಿದ ಮೇಲೆ ಹೇಳಿ," ಅಂದಳು.

ವಾಪಸ್ಸು ಬರುವಾಗ ದಾರವನ್ನು ಚೀಟಿಯೊಳಗೆ ಮಡಿಚಿ ಜೇಬಿನಲ್ಲಿಟ್ಟುಕೊಂಡಿದ್ದೆ. ಪಾವಗಡದಲ್ಲಿ ಬಸ್ಸು ಮತ್ತೆ ತಡವಾಯಿತು. ವಿಚಾರಣೆಯ ಕಿಟಕಿಯ ಹತ್ತಿರ ಹೋಗದೆ ಕಲ್ಲುಬೆಂಚಿನ ಮೇಲೆ ಕೂತೆ.

ಕೆಲಸ ನಾಲ್ಕು ದಿನ ನಡೆಯಿತು. ಮೂರು ದಿನ ಕೀಳುವುದಕ್ಕೇ ಹೋಯಿತು. ಓಬುಳೇಶ್ ಜಾಕಿ ಕೊಟ್ಟು, ಕೊಕ್ಕೆಗಳ ಸುತ್ತ ಮಣ್ಣನ್ನು ಚಮಚದಲ್ಲಿ ಕೆರೆದು ಒಂದೊಂದಾಗಿ ಬಿಡಿಸಿದ. ಗೋಡೆಯಲ್ಲಿ ಒಂದು ಬಿರುಕೂ ಬರಲಿಲ್ಲ. ಒಂಬತ್ತು ಸಾವಿರ ಜಾಸ್ತಿಯೇನಲ್ಲ ಎಂದು ಅವನಿಗೆ ಹೇಳಬೇಕು ಅಂದುಕೊಂಡೆ, ಹೇಳಲಿಲ್ಲ. ನಾಲ್ಕನೆಯ ದಿನ, ಹಲಗೆಗೆ ಇದು ಎಂದಷ್ಟೇ ಹೇಳಿ ದಾರ ಕೊಟ್ಟು ಅಂಗಡಿಗೆ ಹೋದೆ. ಮಧ್ಯಾಹ್ನ ಬಂದು ನೋಡಿದರೆ ಎರಡೂ ಹಲಗೆ ಹಳೆಯ ಎತ್ತರಕ್ಕೇ ಕೂತಿದ್ದವು. ಮಿಕ್ಕ ಅಲ್ಯೂಮಿನಿಯಂ ಪಟ್ಟಿಗಳನ್ನು ಆ ದಾರದಿಂದ ಕಟ್ಟಿ ಮೂಲೆಗೆ ಒರಗಿಸಿದ್ದ, ಗಂಟಿನ ಮೇಲೆ ಗಂಟು ಹಾಕಿ.

ನನ್ನ ಕೈಗೆ ಅವನ ಸ್ಪ್ಯಾನರೇ ಸಿಕ್ಕಿತು. ಎತ್ತಿದೆ. ಎದುರಿಗೆ ಆರು ಹೊಸ ಗಾಜು, ಅವುಗಳಲ್ಲಿ ಸ್ಪ್ಯಾನರ್ ಎತ್ತಿ ನಿಂತ ನನ್ನದೇ ಆಕೃತಿ. ಕೈ ಇಳಿಸಿದೆ. ಬಾಯಿ ಇಳಿಯಲಿಲ್ಲ. ಅವನ ಅಪ್ಪ ಅಮ್ಮ ಊರು ಕೇರಿ ಯಾವುದನ್ನೂ ಬಿಡಲಿಲ್ಲ. ಸುಮ್ಮನೆ ಒಂದು ದಾರ ಎಂದು ತಿಳಿದೆನಣ್ಣ, ಎಲ್ಲರೂ ಹಾಕಿಸಿಕೊಳ್ಳುವ ಎತ್ತರಕ್ಕೆ ಹಾಕಿದೆ ಎಂದು ಅವನು ಹೇಳುತ್ತಲೇ ಇದ್ದ. ನಮ್ಮವ್ವನ ಸುದ್ದಿಗೆ ಯಾಕೆ ಹೋಗುತ್ತೀಯ ಎಂದು ಕೇಳಿದ. ಆಮೇಲೆ ಹೊರಟುಬಿಟ್ಟ. ಬಾಕಿ ಕೂಲಿ ಕೇಳಲಿಲ್ಲ. ಸಾಮಾನಿನ ಚೀಲವನ್ನೂ ಬಿಟ್ಟು ಹೋದ.

ಗಂಟುಗಳನ್ನು ಕತ್ತರಿಸುವ ಹಾಗಿರಲಿಲ್ಲ, ಕತ್ತರಿಸಿದರೆ ಅಳತೆ ಹೋಗುತ್ತದೆ. ಸೂಜಿ ಹುಡುಕಿ ತಂದು ಒಂದೊಂದೇ ಬಿಡಿಸಿದೆ. ಒಂದು ಗಂಟೆ ಹಿಡಿಯಿತು. ದಾರ ಎಲ್ಲೂ ಹರಿಯಲಿಲ್ಲ. ಎಡಗಡೆಯ ಹಲಗೆಯನ್ನು ಬಿಚ್ಚಿ, ದಾರ ಹಿಡಿದು ನೋಡಿದರೆ ಮೂರು ಬೆರಳು ಕೆಳಕ್ಕೆ ಬರಬೇಕಿತ್ತು. ಓಬುಳೇಶನ ಚೀಲದ ಸಾಮಾನಿನಿಂದಲೇ ಇಳಿಸಿ ಕೂರಿಸಿದೆ. ಸಂಜೆಯಾಯಿತು. ಅದರ ಮೇಲೆ ಕೂತರೆ ನನ್ನ ಮಂಡಿ ಸ್ವಲ್ಪ ಮೇಲಕ್ಕೇ ಬರುತ್ತಿತ್ತು. ಕೆಳಗೆ ಬೀರಕ್ಕ ಬುಟ್ಟಿ ಎತ್ತಿಕೊಂಡು ಮನೆಗೆ ಹೊರಟಿದ್ದಳು. ಬೀದಿಯ ಎರಡೂ ತುದಿ ಕಾಣುತ್ತಿತ್ತು, ಯಾರೂ ಬರುತ್ತಿರಲಿಲ್ಲ.

ಕಿಟಕಿ ಆಯಿತು ಎಂದು ಹೇಳೋಣ ಎಂದು ಫೋನ್ ತೆಗೆದೆ. ಅವಳು ಮೊದಲು ಕೇಳುವುದು ಕಿಟಕಿಯ ವಿಚಾರವಲ್ಲ, ನನ್ನದು. ಫೋನನ್ನು ಹಲಗೆಯ ಮೇಲಿಟ್ಟೆ. ಎದ್ದು ಓಬುಳೇಶನ ಚೀಲಕ್ಕೆ ಅವನ ಸಾಮಾನೆಲ್ಲ ಎಣಿಸಿ ತುಂಬಿದೆ. ಸ್ಪ್ಯಾನರನ್ನು ಒರೆಸಿ ಮೇಲೆ ಇಟ್ಟೆ. ಬೆಳಿಗ್ಗೆ ಸೋಮಂದೇಪಲ್ಲಿಗೆ ಹೋಗಿ ಅವನ ಕೂಲಿಯನ್ನೂ ಚೀಲವನ್ನೂ ಕೊಡಬೇಕು, ಅವನವ್ವ ಮನೆಯಲ್ಲಿದ್ದರೆ, ಬೈದದ್ದಕ್ಕೆ ಅವರ ಮುಂದೆ ನಿಂತು ಒಂದು ಮಾತು ಹೇಳಬೇಕು. ಆ ಮಾತನ್ನು ಹೇಗೆ ಶುರು ಮಾಡುತ್ತಾರೆಂಬುದು ನನಗೆ ಗೊತ್ತಿರಲಿಲ್ಲ. ಖಾಲಿ ಕೋಣೆಯಲ್ಲಿ ಎರಡು ಮೂರು ಸಲ ಹೇಳಿ ನೋಡಿದೆ, ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ.